ಮೂರನೆಯ ಕನಕಗಿರಿ

ನಮ್ಮ ಸೋದರಮಾವನ ಪ್ರಕಾರ ಜಗತ್ತಿನಲ್ಲಿ ಎರಡೇ ತರಹದ ಮಂದಿ: ತಮ್ಮಂತೆ ಕನಕಗಿರಿ ಎಂಬ ಅಡ್ಡಹೆಸರಿನವರು ಮತ್ತು, ಪಾಪ, ಉಳಿದವರು! ಯಾರೇ ಸಿಕ್ಕರೂ ಮೊದಲು ಕೇಳುವುದು ಅಡ್ಡಹೆಸರನ್ನೇ. ತಂಗಿಯ ಮಗನಾದ ನಾನು ಉಳಿದವರ ಪೈಕಿ. ಆದರೂ ಚೀಲ ಹಿಡಿದು ಅವರ ಹಿಂದೆ ಅಲೆಯುವ ಕೆಲಸ ಮಾತ್ರ ನನ್ನದೇ. ಐವತ್ತು ದಾಟಿದ ಈ ಮೊಣಕಾಲುಗಳನ್ನು ಕೇಳುವವರು ಯಾರು?

ಒಮ್ಮೆ ಕೊಪ್ಪಳದ ಕಲ್ಯಾಣಮಂಟಪವೊಂದರ ಬಾಗಿಲಲ್ಲಿ ಆ ಅಡ್ಡಹೆಸರಿನ ಫಲಕ ಕಂಡಿತು. ಮಾವ ಸೀದಾ ಒಳಹೊಕ್ಕು ಮದುಮಗನಿಗೆ ಅಕ್ಷತೆ ಹಾಕಿಯೇಬಿಟ್ಟರು. ಯಾರಾದರೂ ಕತ್ತು ಹಿಡಿದು ಹೊರದಬ್ಬುತ್ತಾರೆಂದು ನಾನು ಬೆವರುತ್ತಿದ್ದೆ. ಮಾವ ಎರಡನೇ ಸಲ ಗೋಧಿ ಹುಗ್ಗಿ ಹಾಕಿಸಿಕೊಳ್ಳುತ್ತಿದ್ದರು.

ನಿವೃತ್ತರಾದ ಮೇಲೆ, ಹೆಸರಿಗೂ ವಿಳಾಸಕ್ಕೂ ತಾಳೆಯಾಗಲಿ ಎಂದು ಕನಕಗಿರಿಯಲ್ಲೇ ಬಾಡಿಗೆ ಮನೆ ಹಿಡಿದರು. ಅಲ್ಲಿಗೆ ಹೋಗುವ ಬಸ್ಸಿನಲ್ಲಿ ಸೀಟು ಸಿಗದಿದ್ದರೆ ಜಗಳ.

"ನನ್ನ ಹೆಸರಿನ ಬಸ್ಸಿನ್ಯಾಗ ನಾನ ನಿಂತು ಹೋಗಬೇಕೇನು?"

"ನಿಮ್ಮ ಬಸ್ಸಾದ್ರ ಡೀಸೆಲ್ಲೂ ನೀವ ಹಾಕಸ್ರಿ, ಯಜಮಾನ್ರ!" ಎಂದ ಕಂಡಕ್ಟರ್.

ಮಂದಿ ಸಿಕ್ಕರು, ಊರು ಸಿಕ್ಕಿತು. ಆದರೆ ಮಾವ ವಿಜ್ಞಾನದ ಮಾಸ್ತರಾಗಿದ್ದವರಲ್ಲವೇ? ಅಳತೆಗಳಿಗೆ, ಧೂಮಕೇತುಗಳಿಗೆ ಯಾರ್ಯಾರದೋ ಅಡ್ಡಹೆಸರಿದೆ, ತಮ್ಮದು ಒಂದಕ್ಕೂ ಇಲ್ಲ ಎಂಬ ಕೊರಗು. ಮಕ್ಕಳಿಲ್ಲ. "ನಮ್ಮ ಮನಿ ಹೆಸರು ನನಗ ಮುಗೀತೋ," ಎಂದು ಒಮ್ಮೆ ಮಾತ್ರ ಅಂದಿದ್ದರು.

ಭತ್ತದ ಗದ್ದೆಯಲ್ಲಿ ವಿಚಿತ್ರ ಹುಳುವೊಂದನ್ನು ಹಿಡಿದು, ಹೊಸದಾದರೆ ತಮ್ಮ ಹೆಸರಿಡುತ್ತಾರೆಂದು ಕಡ್ಡಿಪೆಟ್ಟಿಗೆಯಲ್ಲಿಟ್ಟು, ಕೃಷಿ ವಿಜ್ಞಾನಿಯೊಬ್ಬರಿಗೆ ಒಯ್ದು ತೋರಿಸಿದರು. ಎಲ್ಲರಿಗೂ ಗೊತ್ತಿದ್ದ ಹುಳುವೇ!

"ಛಲೋ ಆತು ಬಿಡ್ರಿ," ಎಂದರು ಅತ್ತೆ. "ಇಲ್ಲಾಂದ್ರ ಗಂಗಾವತಿ ಮಂದಿಯೆಲ್ಲಾ ಪಂಪು ಹೊತ್ತು ಕನಕಗಿರಿಗೆ ಔಷಧ ಹೊಡೀತಿದ್ರು!"

ಮೊನ್ನೆ ಯಾವುದೋ ಕಾಗದಕ್ಕೆ ಸಹಿ ಮಾಡಿಸಲು, ಮಾವ ಮೊದಲು ಕಲಿಸುತ್ತಿದ್ದ ಗಂಗಾವತಿಯ ಹೈಸ್ಕೂಲಿಗೆ ಹೋದೆವು. ಪ್ರಯೋಗಾಲಯದಿಂದ ಟೀಚರ್ ದನಿ ಕೇಳಿತು: "ಏ, ಆ ಕನಕಗಿರಿ ತಗೊಂಡು ಬಾರವ್ವಾ!"

ಹುಡುಗಿಯೊಬ್ಬಳು ಕಪಾಟಿನಿಂದ ತಂದದ್ದು, ಸೈಕಲ್ ಕಡ್ಡಿಗೆ ತೆಂಗಿನ ಚಿಪ್ಪು ತೂಗುಹಾಕಿದ ತಕ್ಕಡಿ. ಹಿಂದೆಂದೋ ಮಾವನೇ ಮಾಡಿಟ್ಟದ್ದು.

"ಇದಕ್ಕ ಯಾಕ ಹಂಗಂತೀರಿ?" ನಾನೇ ಕೇಳಿದೆ.

"ಗೊತ್ತಿಲ್ರಿ. ಇದರ ಹೆಸರ ಅದು," ಎಂದಳು ಹುಡುಗಿ.

ಮಾವ ಆಕೆಯ ತಲೆ ಮುಟ್ಟಿ ಹೊರಬಂದರು.

ಕನಕಗಿರಿ ಬಸ್ಸಿನಲ್ಲಿ ಸೀಟಿರಲಿಲ್ಲ. ಜಗಳವೂ ಇಲ್ಲ! ಬಿಪಿ ಏರಿತೇ, ಇಳಿಯಿತೇ?

"ಮಾವಾ, ಆರಾಮ ಅದೀರಿಲ್ಲ?"

ಕಂಬಿ ಹಿಡಿದು ನಿಂತೇ ಅಂದರು: "ಆ ಹುಡುಗಿ ಅಡ್ಡಹೆಸರು ಕೇಳೂದ ಮರತೆ ನೋಡೋ."