ಹತ್ತೊಂಬತ್ತು ಬಟ್ಟಲಿನ ತಪ್ಪು

೧೯೯೪ರಲ್ಲಿ ಏಳನೇ ತರಗತಿಯಿಂದ ಎದ್ದುಬಂದು ಅಪ್ಪನ ಉಳಿ ಹಿಡಿದವನು ನಾನು. ಕಿನ್ನಾಳದಲ್ಲಿ ಕಟ್ಟಿಗೆ ಗೊಂಬೆ ಮಾಡುವುದು ನಮ್ಮ ಕಸುಬು. ಆನೆ, ಗಿಳಿ, ಗರುಡ ಯಾವುದನ್ನು ಕೇಳಿದರೂ ನನ್ನ ಕೈ ತಡವರಿಸುವುದಿಲ್ಲ. ಹಾಗಾಗಿ ಒಂಬತ್ತನೇ ತರಗತಿಯ ಮಗಳು ರೇಣುಕಾ ಫೋನಿನಲ್ಲಿ ಚಿತ್ರವೊಂದನ್ನು ತೋರಿಸಿ ಮಾಡಿಕೊಡು ಎಂದಾಗ, ಇದೇನು ಮಹಾ ಎಂದು ನಕ್ಕುಬಿಟ್ಟೆ.

ಅದು ಥಂಡಿ ಸಮುದ್ರದ ದೈತ್ಯ ಆಕ್ಟೋಪಸ್. ಅದನ್ನು ಗುರುತಿಸುವುದು ಹೇಗೆಂದು ಕೊಪ್ಪಳದ ವಿಜ್ಞಾನ ಮೇಳದಲ್ಲಿ ಅವಳು ವಿವರಿಸಬೇಕು. ಗೆದ್ದರೆ ಬೆಂಗಳೂರಿನ ಮೇಳಕ್ಕೆ ಹೋಗಬಹುದು. ರೇಣುಕಾ ಆಗಲೇ ಚೀಲ ತೊಳೆದು ಒಣಗಿಸಿದ್ದಳು.

ಮೂರು ದಿನದಲ್ಲಿ ಅದನ್ನು ಕಟ್ಟಿಗೆಯಲ್ಲಿ ಕೆತ್ತಿ, ಮೈಯೆಲ್ಲ ತಿಕ್ಕಿ ನುಣುಪು ಮಾಡಿ, ಫಳಫಳ ಹೊಳೆಯಿಸಿದೆ. ಹೆಂಡತಿ ಶಾಂತವ್ವ ನೋಡಿದಳು.

“ಏನ್ರಿ, ಇದು ಸಮುದ್ರದ ಪ್ರಾಣಿನೋ, ಲಗ್ನಕ್ಕ ನಿಂತ ಮದುಮಗಳೋ?”

“ಅಪ್ಪಾ, ತೊಗಲು ಸುಕ್ಕಿರಬೇಕು. ಅದ ಗುರುತು,” ಎಂದಳು ಮಗಳು.

ಹುಣಸೆಬೀಜದ ಅಂಟು ಬಳಿದು ಸುಕ್ಕು ತಂದೆ. ಇಟ್ಟಿಗೆಗೆಂಪು ಬಣ್ಣ ಕೊಟ್ಟೆ. ಬೇಟೆಯನ್ನು ಗಟ್ಟಿಯಾಗಿ ಹಿಡಿಯುವ ಪುಟ್ಟ ಹೀರುಬಟ್ಟಲುಗಳನ್ನು ಎಂಟು ತೋಳುಗಳಿಗೂ ಸಾಲುಸಾಲಾಗಿ ಅಂಟಿಸಿದೆ. ಒಂದು ತೋಳಿನ ತುದಿ ಮಾತ್ರ ಚಿತ್ರದಲ್ಲಿ ಬೋಳಾಗಿತ್ತು. “ಅದನ್ನ ಹಂಗ ಬಿಡಪಾ,” ಎಂದಳು. ಬಿಟ್ಟೆ. ಯಾಕೆಂದು ಕೇಳಲಿಲ್ಲ. ಏಳನೇ ತರಗತಿಯವನು ಒಂಬತ್ತನೇ ತರಗತಿಯವಳನ್ನು ಕೇಳುವುದುಂಟೇ!

ಮೇಳದ ದಿನ ಬೆಳಿಗ್ಗೆ ಪಕ್ಕದ ಮನೆಯ ಹಿರಿಯ ಹನುಮಂತಣ್ಣ ಬಂದ. ಅವನೂ ಗೊಂಬೆ ಮಾಡುವವನೇ.

“ಒಂದ ಕೈ ಅರ್ಧಕ್ಕ ಬಿಟ್ಟಿಯಲ್ಲೋ! ಭಿನ್ನ ಆತಲ್ಲ. ನಿಮ್ಮಪ್ಪ ಇಂಥಾದ್ದನ್ನ ಹೊಸ್ತಿಲಾ ದಾಟಿಸ್ತಿದ್ದಿಲ್ಲ.”

ನಿಜ. ಊನವಿರುವ ಮೂರ್ತಿ ನಮ್ಮ ಮನೆಯಿಂದ ಹೊರಗೆ ಹೋಗಿಲ್ಲ. ಮಗಳು ಜಡೆ ಹಾಕಿಸಿಕೊಳ್ಳುವಷ್ಟರಲ್ಲಿ ಆ ಬೋಳು ತುದಿಗೆ ಹತ್ತೊಂಬತ್ತು ಬಟ್ಟಲು ಅಂಟಿಸಿ, ಬಣ್ಣ ಬಳಿದು, ಹಳೇ ಸೀರೆಯಲ್ಲಿ ಸುತ್ತಿಬಿಟ್ಟೆ. ಮನೆತನದ ಮರ್ಯಾದೆ ಉಳಿಯಿತು!

ಮೇಳದಲ್ಲಿ ಪರೀಕ್ಷಕಿ ಮೇಡಂ ಬಂದ ಮೇಲೆಯೇ ಗೊಂಬೆಯ ಸುತ್ತು ಬಿಚ್ಚಿ ರೇಣುಕಾ ಸುಕ್ಕು ತೋರಿಸಿದಳು, ಬಣ್ಣ ಹೇಳಿದಳು. ಕೊನೆಗೆ ಕೋಲು ಎತ್ತಿದಳು.

“ಇದು ಗಂಡು. ಬಲಕ್ಕಿರೋ ಮೂರನೇ ತೋಳಿನ ತುದಿಗೆ ಹೀರುಬಟ್ಟಲು ಇರೋದಿಲ್ರಿ. ಅದರಿಂದನ ಗಂಡು ಅಂತ ಗುರುತು ಹಿಡಿಬೇಕು.”

ಕೋಲು ನಿಂತ ಜಾಗದಲ್ಲಿ ಹತ್ತೊಂಬತ್ತು ಬಟ್ಟಲು. ಬಣ್ಣ ಇನ್ನೂ ಹಸಿ.

ಮೇಡಂ ಬಗ್ಗಿ ನೋಡಿದರು. ಮಗಳ ಮುಖ ಬಿಳುಚಿತು. ನನ್ನಿಂದ ತಡೆಯಲಾಗಲಿಲ್ಲ. ಜನರನ್ನು ಸರಿಸಿ ಮುಂದೆ ಹೋದೆ.

“ಮೇಡಂ, ಹುಡುಗಿ ಬರೋಬ್ಬರಿ ಹೇಳ್ಯಾಳ್ರಿ. ತಪ್ಪು ನಂದು.”

“ನೀವ್ಯಾರ್ರಿ?”

“ಇದನ್ನ ಮಾಡಿದಾಂವ!” ಎಂದೆ, ಎದೆ ಸೆಟೆಸಿ. “ತಲಿಯಿಂದ ತೋಳಿನ ತನಕ ಪೂರಾ ನನ್ನ ಕೈಯಾಗಿಂದ ಬಂದೈತ್ರಿ!”

ಮೇಡಂ ಕನ್ನಡಕ ತೆಗೆದರು. “ಮಕ್ಕಳ ಮಾಡಿದ್ದಷ್ಟ ತಗೋತೀವಿ ಅಂತ ಬಾಗಿಲಿಗೆ ಚೀಟಿ ಹಚ್ಚೀವಲ್ರಿ, ಓದಲಿಲ್ಲೇನು?”

ನನಗೆ ಓದಲು ಬರುತ್ತದೆ. ಓದಿರಲಿಲ್ಲ. ಸುತ್ತಲೂ ನೋಡಿದೆ. ಬೇರೆ ಅಪ್ಪಂದಿರೆಲ್ಲ ಕೈಗೆ ಅಂಟು ಮೆತ್ತಿಕೊಂಡೇ ಬಾಯಿ ಮುಚ್ಚಿಕೊಂಡು ನಿಂತಿದ್ದರು.

ಮೇಡಂ ಪಟ್ಟಿಯಲ್ಲಿ ರೇಣುಕಾಳ ಹೆಸರಿನ ಮೇಲೆ ಗೆರೆ ಎಳೆದರು. ಬಸ್ಸಿನಲ್ಲಿ ಅವಳು ಕಿಟಕಿಯಿಂದ ಮುಖ ತಿರುಗಿಸಲಿಲ್ಲ.

“ಕೇಳಿದ್ರ ಹೇಳ್ತಿದ್ನಲ್ಲಪಾ,” ಎಂದಳು, ಊರು ಬಂದಾಗ. ಅಷ್ಟೇ.

ಈಗ ನನ್ನ ಬಳಿ ಇರುವುದು ಇಷ್ಟು: ಆಕ್ಟೋಪಸ್ ಒಂದು, ತೋಳು ಎಂಟು, ಬಹುಮಾನ ಸೊನ್ನೆ, ದಿನವಿಡೀ ಮಾತಾಡುವ ಹೆಂಡತಿ ಒಬ್ಬಳು, ಮಾತು ಬಿಟ್ಟ ಮಗಳು ಒಬ್ಬಳು.