ಕೊಲಂಬೊದಲ್ಲಿ ಕಾಕಾ

ಕೆಲವರಿಗೆ ಟಿಕೆಟ್ ಬುಕ್ ಆದ ಕೂಡಲೇ ಪ್ರವಾಸ ಶುರುವಾಗುತ್ತದೆ. ನನಗೆ ಶುರುವಾಗುವುದು ಚಿಂತೆ. ಅದರಲ್ಲಿ ನಾನು ದೊಡ್ಡದು ಸಣ್ಣದು ಎಂಬ ಭೇದ ಮಾಡುವವನಲ್ಲ. ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ ಎಂಬುದಕ್ಕೂ, ವಿಮಾನದ ರೆಕ್ಕೆ ಗಟ್ಟಿ ಇದೆಯೋ ಇಲ್ಲವೋ ಎಂಬುದಕ್ಕೂ ನನ್ನ ತಲೆಯಲ್ಲಿ ಒಂದೇ ಎತ್ತರದ ಕುರ್ಚಿ ಹಾಕಿಸಿ ಕೂರಿಸಿದ್ದೇನೆ. ಹಾವೇರಿಯ ಕಾಲೇಜೊಂದರಲ್ಲಿ ಇತಿಹಾಸ ಪಾಠ ಮಾಡಿ ಸಂಜೆ ಬ್ಯಾಡಗಿಯ ಮನೆಗೆ ಮರಳುವ ನಾನು ದಿನಚರಿ ಬರೆಯುವ ರೂಢಿಯವನು. ಈಗ ಹೇಳಲಿರುವುದೆಲ್ಲ ಅದರಲ್ಲಿದೆ. ಆದರೆ ಅದನ್ನು ಬರೆದವನೂ ನಾನೇ ಆದ್ದರಿಂದ, ಸಾಕ್ಷಿ ಎಂದು ಒಪ್ಪಿಕೊಳ್ಳಲು ನನಗೇ ಧೈರ್ಯವಿಲ್ಲ. ನನ್ನ ಹೆಂಡತಿ ಸುಮಾ ಅಂತೂ ಒಪ್ಪುವುದೇ ಇಲ್ಲ.

ವಿದೇಶ ಪ್ರವಾಸದ ಯೋಚನೆ ಅವಳದೇ. ಒಂದು ದಿನ ಮೊಬೈಲ್ ಹಿಡಿದುಕೊಂಡು ಬಂದು, "ರೀ, ಮುಂಬೈಗೆ ಹೋಗೋದಕ್ಕಿಂತ ಕೊಲಂಬೊ ಸೋವಿ ಐತಿ ನೋಡ್ರಿ" ಅಂದಳು. ಶುಕ್ರವಾರ ಹೋಗಿ ಭಾನುವಾರ ರಾತ್ರಿ ಹೊರಟುಬಿಡುವ ಟಿಕೆಟ್ಟು. ಊಟ ಕೊಡದ, ಬ್ಯಾಗಿಗೆ ಬೇರೆ ರೊಕ್ಕ ಕೇಳುವ ವಿಮಾನ. ನಾವು ಮೂವರೇ, ನಾನು, ಸುಮಾ, ನಾಲ್ಕೂವರೆ ವರ್ಷದ ಮಗಳು ಗೌರಿ. ನಾನು ಹೂಂ ಅಂದೆ. ಯಾಕೆ ಅಂದೆನೋ ಗೊತ್ತಿಲ್ಲ. ಅಷ್ಟು ಬೇಗ ಹೂಂ ಅನ್ನುವುದು ನನ್ನ ಜಾಯಮಾನವಲ್ಲ.

ಮುಂದಿನ ಭಾನುವಾರ ರಾಣೆಬೆನ್ನೂರಿಗೆ ಸುಮಾಳ ತವರಿಗೆ ಊಟಕ್ಕೆ ಹೋಗಿದ್ದೆವು. ಅವಳ ಅಣ್ಣನದು ಹತ್ತಿಬೀಜದ ವ್ಯಾಪಾರ. ಹೆಚ್ಚು ಮಾಲು ಮಾರಿದ ಅಂಗಡಿಯವರನ್ನು ಕಂಪನಿಯವರು ವಿದೇಶಕ್ಕೆ ಕರೆದೊಯ್ಯುತ್ತಾರಲ್ಲ, ಹಾಗೆ ಎರಡು ಸಲ ಹೋಗಿಬಂದವರು. ವಿಮಾನ ನಿಲ್ದಾಣದ ವಿಷಯದಲ್ಲಿ ನಮ್ಮ ಬಳಗಕ್ಕೆಲ್ಲ ಅವರ ಮಾತೇ ಕೊನೆ. ಚಪಾತಿ ಮುರಿಯುತ್ತ ಅವರು ಅಂದರು: "ಮಾಸ್ತರ್ರ, ಒಂದು ಮಾತು ನೆನಪಿಡ್ರಿ. ಸಣ್ಣ ಹುಡುಗ್ರು ಜೋಡಿ ಇದ್ರ ಅಲ್ಲಿ ಭಾಳ ಕೇಳ್ತಾರ. ನಿಮ್ಮನ್ನಲ್ಲ, ಹುಡುಗ್ರನ್ನ. ಇಂವ ಯಾರು ನಿನಗ ಅಂತ. ಹುಡುಗಿ ಏನ್ ಹೇಳ್ತಾಳೋ ಅದರ ಮ್ಯಾಲೆ ಐತಿ ನಿಮ್ಮ ಕಥಿ."

"ಹೇಳ್ತಾಳ ಬಿಡ್ರಿ, ಶಾಣ್ಯಾ ಅದಾಳ" ಅಂದೆ.

ಅಷ್ಟರಲ್ಲಿ ಗೌರಿ ಹೊರಗಿನಿಂದ ಓಡಿ ಬಂದು ನನ್ನ ತೊಡೆ ಬಡಿದಳು. "ಕಾಕಾ, ನೀರು!"

ಅವರು ಚಪಾತಿ ತಾಟಿಗಿಟ್ಟರು. "ಮುಗೀತು" ಅಂದರು.

ಇಲ್ಲಿ ನಮ್ಮ ಮನೆಯ ಪದ್ಧತಿ ಹೇಳಬೇಕು. ಬ್ಯಾಡಗಿಯಲ್ಲಿ ನಾವೆಲ್ಲ ಒಟ್ಟಿಗೇ ಇರುವುದು: ಅವ್ವ, ಮೆಣಸಿನಕಾಯಿ ದಲಾಲಿ ಅಂಗಡಿ ನಡೆಸುವ ನನ್ನಣ್ಣ, ಅತ್ತಿಗೆ, ಅವರ ಇಬ್ಬರು ಮಕ್ಕಳು, ನಾವು. ಆ ಇಬ್ಬರು ಮಕ್ಕಳು ತಮ್ಮ ತಂದೆಯನ್ನು ಅಪ್ಪಾಜಿ ಅನ್ನುತ್ತಾರೆ, ಚಿಕ್ಕಪ್ಪನಾದ ನನ್ನನ್ನು ಕಾಕಾ ಅನ್ನುತ್ತಾರೆ. ಕೊನೆಗೆ ಹುಟ್ಟಿದ ಗೌರಿ ಅವರ ಬಾಯಿ ನೋಡಿಯೇ ಮಾತು ಕಲಿತಳು. ಹೀಗಾಗಿ ಅವಳಿಗೂ ನನ್ನಣ್ಣ ಅಪ್ಪಾಜಿ, ನಾನು ಕಾಕಾ. ಸುಮಾ ಮಾತ್ರ ಮೊದಲೇ ಎಚ್ಚರಾಗಿ, ತೊಟ್ಟಿಲಿನ ಹತ್ತಿರ ನಿಂತು ಮಮ್ಮಿ ಮಮ್ಮಿ ಎಂದು ಪ್ರಚಾರ ಮಾಡಿ ಗೆದ್ದಿದ್ದಳು. ನಾನು ಪ್ರಚಾರಕ್ಕೆ ಇಳಿಯಲಿಲ್ಲ. ನನಗೆ ಅದರಲ್ಲಿ ವಿಚಿತ್ರವೇನೂ ಕಂಡಿರಲಿಲ್ಲ. ನನ್ನ ತಂದೆಯನ್ನು ಅವರ ತಮ್ಮಂದಿರು ಅಣ್ಣ ಅನ್ನುತ್ತಿದ್ದರು, ಅದನ್ನು ಕೇಳಿ ನಾನೂ ಅಣ್ಣ ಅಂದೆ. ಅವರು ಕೊನೆಯವರೆಗೂ ನನಗೆ ಅಣ್ಣನಾಗಿಯೇ ಇದ್ದು ತೀರಿಕೊಂಡರು. ನಮ್ಮ ಓಣಿಯಲ್ಲಿ ಯಾವ ಮಗು ಯಾರದು ಎಂದು ಯಾರೂ ತಪ್ಪು ತಿಳಿದ ನೆನಪು ನನಗಿಲ್ಲ.

ಆದರೆ ಓಣಿಯಲ್ಲಿ ಪಾಸ್‌ಪೋರ್ಟ್ ಕೌಂಟರ್ ಇಲ್ಲವಲ್ಲ. ಅಂದಿನಿಂದ ನಿದ್ದೆ ಬರುವ ಮೊದಲು ನನ್ನ ಕಣ್ಣ ಮುಂದೆ ಒಂದೇ ನಾಟಕ. ಗಾಜಿನ ಹಿಂದೆ ಒಬ್ಬ ಅಧಿಕಾರಿ. "ಇವರು ಯಾರಮ್ಮ?" "ಕಾಕಾ." "ನಿಮ್ಮಪ್ಪ ಎಲ್ಲಿ?" "ಅಪ್ಪಾಜಿ ಬ್ಯಾಡಗ್ಯಾಗ ಅದಾರ, ಅಂಗಡ್ಯಾಗ." "ಮತ್ತೆ ಇವರು?" "ಮಮ್ಮಿ." ಒಂದೊಂದು ಉತ್ತರವೂ ನಮ್ಮ ಮನೆಯಲ್ಲಿ ಅಪ್ಪಟ ಸತ್ಯ. ಸೇರಿಸಿ ಓದಿದರೆ ಮಾತ್ರ, ಅಪ್ಪನನ್ನು ಊರಲ್ಲಿ ಬಿಟ್ಟು ಮಮ್ಮಿ ಮತ್ತು ಕಾಕಾ ಮಗುವನ್ನು ಕಟ್ಟಿಕೊಂಡು ವಿದೇಶಕ್ಕೆ ಓಡುತ್ತಿದ್ದಾರೆ. ಮಗು ಕದ್ದ ಆರೋಪ ಹೇಗೋ ತೊಳೆದುಕೊಳ್ಳಬಹುದು. ಅಣ್ಣನ ಹೆಂಡತಿಯನ್ನು ಓಡಿಸಿಕೊಂಡು ಹೋಗುವ ಈ ಎರಡನೆಯ ಅಪರಾಧವನ್ನು ನಾನು ನನ್ನ ಹೆಂಡತಿಯೊಂದಿಗೇ ಮಾಡಿದ್ದೇನೆ ಎಂದು ಯಾರಿಗೆ ಹೇಗೆ ವಿವರಿಸಲಿ?

ತರಬೇತಿ ಶುರು ಮಾಡಿದೆ. ಅಪ್ಪ ಎಂಬ ಮಾತು ಅಪ್ಪಾಜಿಗೆ ತೀರ ಹತ್ತಿರ ಎಂದು ಪಪ್ಪಾ ಆರಿಸಿಕೊಂಡೆ. "ಗೌರಿ, ನಾ ಯಾರು?" "ಕಾಕಾ." "ಹಂಗಲ್ಲ, ಪಪ್ಪಾ ಅನ್ನು." "ಯಾಕ?" "ವಿಮಾನದಾಗ ಹಂಗ ಅನ್ನಬೇಕು." ಅವಳು ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. ಪಾಪ, ಇವನಿಗೆ ಏನೋ ಆಗಿದೆ ಎಂಬ ಕನಿಕರದಿಂದ, "ಪಪ್ಪಾ" ಅಂದಳು. ನಾನು ಮುಖ ಆಚೆ ತಿರುಗಿಸಿ ಕಣ್ಣೊರೆಸಿಕೊಂಡೆ. ಮನೆ ತುಂಬ ಮೆಣಸಿನಕಾಯಿಯ ಘಾಟು ಇರುವ ದಿನಗಳು ಅವು, ಅದೇ ಇರಬೇಕು ಅಂದುಕೊಂಡೆ. ಅಭ್ಯಾಸ ಗಟ್ಟಿಯಾಗಲಿ ಎಂದು ಮತ್ತೆರಡು ಸಲ ಅನ್ನಿಸಿದೆ.

ಇದನ್ನು ಅವ್ವ ಒಲೆಯ ಮುಂದಿನಿಂದ ಕೇಳಿಸಿಕೊಂಡಿದ್ದಳು. ಮೂರನೆಯ ದಿನ ರೊಟ್ಟಿ ಬಡಿಯುತ್ತಲೇ, "ಇವತ್ತ ಅಪ್ಪನ್ನ ಬ್ಯಾರೆ ಮಾಡೀದಿ, ನಾಳೆ ಒಲಿ ಬ್ಯಾರೆ ಮಾಡ್ತಿ. ತಿಳೀತೈತಿ ನಮಗೂ" ಅಂದಳು. ಮನೆ ಪಾಲಾಗುವ ಮಾತು ಅದು. ಅಣ್ಣ ಸಂಜೆ ಅಂಗಡಿಯಿಂದ ಬಂದವನೇ ನನ್ನನ್ನು ಅಂಗಳಕ್ಕೆ ಕರೆದ. ಶರ್ಟಿನ ತೋಳಿನಲ್ಲಿ ಕೆಂಪು ಪುಡಿ, ಮುಖ ಸಣ್ಣದಾಗಿತ್ತು. "ಮನಸಿನ್ಯಾಗ ಏನಾರ ಇದ್ರ ನೇರ ಹೇಳೋ ತಮ್ಮಾ. ಹುಡುಗಿ ಬಾಯಿಲೆ ಹೇಳಸಬ್ಯಾಡ" ಅಂದ.

"ಅಣ್ಣಾ, ಇದು ಏರ್‌ಪೋರ್ಟಿಂದು!" ಎಂದು ಅರ್ಧ ಗಂಟೆ ವಿವರಿಸಿದೆ. ಅವನು ಕೇಳಿ, ಕೇಳಿ, ಕೊನೆಗೆ ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ತಾನೇ ಪರೀಕ್ಷಕನಾದ. ಗೌರಿಯನ್ನು ಕಟ್ಟೆಯ ಮೇಲೆ ನಿಲ್ಲಿಸಿ, "ಅಂವ ಯಾರವಾ?" ಅಂದ. "ಪಪ್ಪಾ." "ಶಬ್ಬಾಶ್. ಮತ್ತ ನಾ ಯಾರು?" ಅವಳು ನನ್ನತ್ತ ನೋಡಿದಳು, ಅವನತ್ತ ನೋಡಿದಳು. "ಅಪ್ಪಾಜಿ" ಅಂದಳು. ಅಣ್ಣ ಅವಳನ್ನು ಎತ್ತಿಕೊಂಡುಬಿಟ್ಟ. ಅವನ ಮುಖ ನೋಡಿ, ದೊಡ್ಡಪ್ಪ ಅನ್ನು ಎಂದು ತಿದ್ದುವ ಮನಸ್ಸಾಗಲಿಲ್ಲ. ಮಗಳಿಗೆ ಇಬ್ಬರು ತಂದೆಯರಾದರು, ಪಾಸ್‌ಪೋರ್ಟಿನಲ್ಲಿ ಒಬ್ಬನಿಗೇ ಜಾಗ.

ಹಾವೇರಿಯಲ್ಲಿ ರೈಲು ಹತ್ತಿದಾಗಿನಿಂದ ಬೆಂಗಳೂರಿನವರೆಗೆ ನಾನು ಮಗಳ ಪಾಠ ಒಪ್ಪಿಸಿಕೊಳ್ಳುತ್ತ ಹೋದೆ. ಎದುರು ಸೀಟಿನ ಮುದುಕರೊಬ್ಬರು, "ಹುಡುಗಿಗೆ ಮರವು ಐತೇನ್ರಿ?" ಎಂದು ಮರುಗಿದರು. ವಿಮಾನ ನಿಲ್ದಾಣದ ಕೌಂಟರಿನ ಮುಂದೆ ನಿಂತಾಗ ನನ್ನ ಅಂಗೈ ಎಷ್ಟು ಬೆವರಿತ್ತೆಂದರೆ ಪಾಸ್‌ಪೋರ್ಟ್ ಒದ್ದೆಯಾಗಿತ್ತು. ಅಧಿಕಾರಿ ನಮ್ಮ ಮೂರೂ ಮುಖ ನೋಡಿದ, ಠಸ್ಸೆ ಒತ್ತಿದ, ಮುಂದೆ ಹೋಗಿ ಅಂದ. ಕೊಲಂಬೊದಲ್ಲಿ ಇಳಿದಾಗಲೂ ಅಷ್ಟೇ. ಯಾರೂ ಏನೂ ಕೇಳಲಿಲ್ಲ.

ನನಗೆ ಜೀವ ಬಂದಂತಾಯಿತು. ಗೌರಿಗೆ ಮಾತ್ರ ಅವಮಾನವಾಯಿತು. ಇಷ್ಟು ಓದಿಸಿಕೊಂಡು ಪರೀಕ್ಷೆಯೇ ಇಲ್ಲವೆಂದರೆ ಯಾರು ಸುಮ್ಮನಿರುತ್ತಾರೆ? ಸಿಕ್ಕಸಿಕ್ಕವರಿಗೆ ತಾನೇ ಉತ್ತರ ಹೇಳತೊಡಗಿದಳು. ಆಟೊದವನಿಗೆ, "ದಿಸ್ ಈಸ್ ಮೈ ಪಪ್ಪಾ." ಅಗ್ಗದ ಕೋಣೆ ಕೊಟ್ಟ ಮನೆಯೊಡತಿಗೆ, "ದಿಸ್ ಈಸ್ ಮೈ ಪಪ್ಪಾ." ಇಡಿಯಪ್ಪ ಬಡಿಸಲು ಬಂದ ಹುಡುಗನಿಗೂ ಅದೇ. ಕೇಳದೇ ಹೇಳಿದ ಸತ್ಯಕ್ಕೆ ಸುಳ್ಳಿನ ವಾಸನೆ ಎಷ್ಟು ಗಾಢವಾಗಿರುತ್ತದೆಂದು ನನಗೆ ಆಗ ಗೊತ್ತಾಯಿತು. ಮನೆಯೊಡತಿ ನನ್ನ ಮುಖವನ್ನೂ ಗೌರಿಯ ಮುಖವನ್ನೂ ಪಕ್ಕಪಕ್ಕದಲ್ಲಿಟ್ಟು ತೂಗಿ ನೋಡಿದಳು. "ನನ್ನ ಮೂಗು ಅವ್ಳಿಗೆ ಬಂದೈತಲ್ಲ?" ಎಂದು ನಾನು ಸುಮಾಳನ್ನು ಕೇಳಿದೆ. "ಬರಲಿಲ್ಲ, ಪುಣ್ಯಾ" ಅಂದಳು.

ಭಾನುವಾರ ಸಂಜೆ ಸಮುದ್ರದ ದಂಡೆಯ ಬಯಲಿಗೆ ಹೋದೆವು. ವಿಮಾನಕ್ಕೆ ಇನ್ನೂ ಹೊತ್ತಿತ್ತು. ಜನ ಕಿಕ್ಕಿರಿದಿದ್ದರು, ಆಕಾಶದ ತುಂಬ ಗಾಳಿಪಟ. ಸುಮಾ ಎಳನೀರು ತರಲು ಹೋದಳು, "ಹುಡುಗಿ ಕೈ ಬಿಡಬ್ಯಾಡ್ರಿ" ಎಂದು ಹೇಳಿ. ನಾನು ಬಿಡಲಿಲ್ಲ. ಅಂದರೆ, ಬಿಡಲಿಲ್ಲ ಎಂದು ದಿನಚರಿಯಲ್ಲಿದೆ. ಪಾಸ್‌ಪೋರ್ಟ್‌ಗಳು ಇವೆಯೋ ಇಲ್ಲವೋ ಎಂದು ಚೀಲದ ಒಳಜೇಬು ತಡಕಲು ಎರಡೂ ಕೈ ಬೇಕಾಗುತ್ತದೆ ಎಂಬುದು ಮಾತ್ರ ದಿನಚರಿಯಲ್ಲಿಲ್ಲ.

ನನಗೆ ಚೆನ್ನಾಗಿ ಕೇಳಿಸಿತು, ಅದನ್ನು ಮುಚ್ಚಿಡಲಾರೆ. ಹಿಂದೆಲ್ಲೋ ಒಂದು ಮಗು ಪಪ್ಪಾ, ಪಪ್ಪಾ ಎಂದು ಕೂಗುತ್ತಿತ್ತು. ಯಾರ ಮಗುವೋ ಏನೋ, ತಂದೆಯಾದವನಿಗೆ ಸ್ವಲ್ಪವೂ ಖಬರು ಬೇಡವೇ ಎಂದು ಮನಸ್ಸಿನಲ್ಲೇ ಬೈದೆ. ಪಾಸ್‌ಪೋರ್ಟ್‌ಗಳು ಸಿಕ್ಕವು. ತಲೆ ಎತ್ತಿದರೆ ಸುಮಾ ಎಳನೀರು ಹಿಡಿದು ನಿಂತಿದ್ದಳು. "ಗೌರಿ ಎಲ್ರಿ?"

ಆಮೇಲಿನದು ಎಷ್ಟು ಹೊತ್ತು ನಡೆಯಿತೋ ಹೇಳಲಾರೆ. ನನ್ನ ಪ್ರಕಾರ ಒಂದು ಗಂಟೆ, ಸುಮಾಳ ಪ್ರಕಾರ ಎಳನೀರು ಇನ್ನೂ ತಣ್ಣಗಿತ್ತು. ಎಲ್ಲ ಕಡೆಯೂ ಅವಳಷ್ಟೇ ಎತ್ತರದ ಮಕ್ಕಳು, ಯಾವುದೂ ಅವಳಲ್ಲ. ಒಂದು ಕಡೆ ಸಮುದ್ರ. ಅತ್ತ ನೋಡಬಾರದು ಎಂದುಕೊಂಡು ಅದನ್ನೇ ನೋಡುತ್ತಿದ್ದೆ.

"ಕಾಕಾ!"

ನಾನು ತಿರುಗಿದ ರಭಸಕ್ಕೆ ಪಕ್ಕದವನ ಗಾಳಿಪಟದ ದಾರ ತುಂಡಾಯಿತು. ಹತ್ತು ಹೆಜ್ಜೆ ಹಿಂದೆ, ಬಲೂನು ಮಾರುವವನ ಹತ್ತಿರ, ಒಬ್ಬ ಹಿರಿಯ ಹೆಂಗಸಿನ ಕೈ ಹಿಡಿದು ಗೌರಿ ನಿಂತಿದ್ದಳು. ಕಣ್ಣಲ್ಲಿ ನೀರು, ಮುಖದಲ್ಲಿ ಸಿಟ್ಟು. ನಾನು ಎತ್ತಿಕೊಂಡರೆ ಎದೆಗೆ ಎರಡು ಗುದ್ದಿದಳು. "ಪಪ್ಪಾ ಪಪ್ಪಾ ಅಂತ ಎಷ್ಟ್ ಒದರಿದೆ! ನೋಡವಲ್ಲಿ!" ಆ ಹೆಂಗಸು ನನ್ನನ್ನು ಅನುಮಾನದಿಂದ ನೋಡಿ, ಮಗುವನ್ನು ಸುಮಾಳ ಕೈಗೆ ಕೊಡುವಂತೆ ಸನ್ನೆ ಮಾಡಿ, ಕೊಟ್ಟ ಮೇಲೆಯೇ ಹೋದಳು. ಸುಮಾ ನನಗೆ ಏನೂ ಅನ್ನಲಿಲ್ಲ. ವಿಮಾನದಲ್ಲಿ ಕೂತ ಮೇಲೂ ಏನೂ ಅನ್ನಲಿಲ್ಲ. ಅಂದಿದ್ದರೆ ವಾಸಿಯಿತ್ತು.

ಬೆಂಗಳೂರಿನಲ್ಲಿ ಇಳಿದು ಕೌಂಟರಿಗೆ ಬಂದಾಗ ನಾನು ಯಾವುದರ ಚಿಂತೆಯನ್ನೂ ಮಾಡುವ ಸ್ಥಿತಿಯಲ್ಲಿರಲಿಲ್ಲ. ಕೇಳಬೇಕಾದವರು ಕೇಳುವುದು ಆಗಲೇ. ಅಧಿಕಾರಿ ಪಾಸ್‌ಪೋರ್ಟ್ ತಿರುವಿ, ಸುಮ್ಮನೆ ನಗುತ್ತ, "ಪುಟ್ಟಾ, ಇವರು ಯಾರು?" ಅಂದ.

"ನಾನು ಇವಳ..." ಎಂದು ಬಾಯಿ ತೆರೆದೆ.

"ನೀವಲ್ಲ ಸಾರ್, ಮಗು ಹೇಳ್ಲಿ."

ಗೌರಿ ನನ್ನನ್ನು ಒಂದು ಗಳಿಗೆ ನೋಡಿದಳು. ನಂತರ ಗಾಜಿನ ಕಡೆ ತಿರುಗಿ, ನ್ಯಾಯ ಹೇಳುವವಳಂತೆ ನಿಧಾನವಾಗಿ ಅಂದಳು: "ಕಾಕಾ ಅಂದ್ರ ನೋಡ್ತಾನ್ರಿ. ಪಪ್ಪಾ ಅಂದ್ರ ನೋಡಂಗಿಲ್ರಿ."

ಅವನ ನಗು ನಿಂತಿತು. "ಏನಮ್ಮಾ ಇದು?" ಎಂದು ಸುಮಾಳನ್ನು ಕೇಳಿದ. ಕೊಲಂಬೊದ ಸಂಜೆಯಿಂದ ಅವಳು ಬಾಯಿ ಬಿಟ್ಟದ್ದು ಆಗಲೇ. "ಖರೇ ಐತ್ರಿ" ಅಂದಳು. "ನಮ್ಮ ಮನಿಯವ್ರೇ. ಆದ್ರ ನಾ ಕರದ್ರೂ ನೋಡಂಗಿಲ್ಲ."

ಆ ಉತ್ತರದಲ್ಲಿ ಅವನಿಗೆ ಏನು ಪರಿಚಿತವೆನಿಸಿತೋ, ಮತ್ತೆ ನಕ್ಕು ಠಸ್ಸೆ ಒತ್ತಿದ. ನಾನು ಪಾಸ್‌ಪೋರ್ಟ್‌ಗಳನ್ನು ತೆಗೆದುಕೊಂಡು ಹೆಂಡತಿ ಮಗಳ ಹಿಂದೆ ಹೊರಟೆ. ಮುಂದೆ ಹೋಗುತ್ತಿದ್ದ ಗೌರಿ ಹಿಂದೆ ನೋಡದೆಯೇ ಒಮ್ಮೆಲೇ ಜೋರಾಗಿ ಕೂಗಿದಳು.

"ಪಪ್ಪಾ!"

ಬ್ಯಾಗಿಗಾಗಿ ಕಾಯುತ್ತಿದ್ದ ಇಬ್ಬರು ಗಂಡಸರು ಗಕ್ಕನೆ ತಿರುಗಿದರು. ಅವರು ಯಾರತ್ತ ನೋಡುತ್ತಿದ್ದಾರೆ ಎಂದು ನೋಡಲು ಹೋಗಿ, ಆಮೇಲೆ ನೆನಪಾಗಿ, ನಾನು "ಓ" ಅಂದೆ.

"ತಡಾ ಆತು" ಅಂದಳು ಗೌರಿ.