ಜೀಪಿನ ಪಾಲು

ಹಿಂದಿನಿಂದ ಬಂದವರು ನಮ್ಮನ್ನು ದಾಟಿ ಮುಂದೆ ಹೋದರೆ ಅದು ಅವಮಾನ ಎಂದು ನನಗೆ ಯಾರು ಕಲಿಸಿದರೋ ಗೊತ್ತಿಲ್ಲ. ಅವರ್ಸಾದ ಮನೆಯಿಂದ ಕಾರವಾರದ ಕಾಲೇಜಿಗೆ ಪಾಠ ಮಾಡಲು ನನ್ನ ಹಳೆಯ ಜೀಪಿನಲ್ಲೇ ಹೋಗಿ ಬರುತ್ತೇನೆ. ಹೆದ್ದಾರಿಯಲ್ಲಿ ಲಾರಿಗಳು ದಾಟುತ್ತಿದ್ದವು, ಸಹಿಸಿದೆ. ಒಮ್ಮೆ ಕೋಳಿ ತುಂಬಿದ ರಿಕ್ಷಾ ದಾಟಿತು. ಕೋಳಿಗಳೆಲ್ಲ ಕತ್ತು ತಿರುಗಿಸಿ ನನ್ನನ್ನೇ ನೋಡಿದವೆಂದು ನೆನಪು. ನನ್ನ ನೆನಪು ಯಾವಾಗಲೂ ನನ್ನ ವಕೀಲನ ಹಾಗೆ ಮಾತಾಡುವುದರಿಂದ ಕೋಳಿಗಳ ವಿಷಯ ಖಾತ್ರಿಯಿಲ್ಲ. ರಿಕ್ಷಾ ಮಾತ್ರ ನಿಜ.

ಕಾರವಾರದ ಗ್ಯಾರೇಜಿನ ಪಾಂಡುರಂಗ, ಗುಜರಿಗೆ ಬಂದಿದ್ದ ದೊಡ್ಡ ಗಾಡಿಯೊಂದರ ಇಂಜಿನ್ನನ್ನು ಜೀಪಿಗೆ ಕೂರಿಸಿದ. ಇಂಜಿನ್ ಕಿರುಚಿತೇ ಹೊರತು ಜೀಪು ಓಡಲಿಲ್ಲ. ಭಾರ ಎಳೆಯಲೆಂದೇ ಮಾಡಿದ ಹಳೆಯ ಹಲ್ಲುಚಕ್ರಗಳು ಹಿಂದಿನ ಆಕ್ಸಲ್‌ನಲ್ಲಿದ್ದವು. ಗಾಲಿ ಒಂದು ಸುತ್ತು ಬರಬೇಕಾದರೆ ಟಾಪ್ ಗೇರಿನಲ್ಲೂ ಇಂಜಿನ್ ಐದು ಸುತ್ತು ಹಾಕಬೇಕಿತ್ತು. ಕ್ರೌನ್ ಪಿನಿಯನ್ ಎಂಬ ಆ ಹಲ್ಲುಚಕ್ರಗಳ ಜಾಗದಲ್ಲಿ ವೇಗದವನ್ನು ಹಾಕಿ, ಜೊತೆಗೆ ಗೇರ್ ಬಾಕ್ಸನ್ನೂ ಬದಲಿಸುವ ಉಪಾಯ ನನ್ನದೆಂದು ಪಾಂಡುರಂಗ ಹೇಳುತ್ತಾನೆ, ಅವನದೆಂದು ನಾನು. ದಿನಚರಿ ತೆಗೆದು ನೋಡಿದರೆ ಆ ದಿನ ಬಂಗುಡೆ ಸಾರು ಚೆನ್ನಾಗಿತ್ತು ಎಂದಷ್ಟೇ ಬರೆದಿದ್ದೇನೆ. ಮುಂದಿನ ಆಕ್ಸಲ್‌ಗೆ ಹೊಂದುವ ಹಲ್ಲು ಸಿಗಲಿಲ್ಲ. ಎರಡೂ ಸೇರಿ ತಿರುಗಿದರೆ ಒಂದನ್ನೊಂದು ಮುರಿಯುತ್ತವೆಂದು ಮುಂದಿನ ಗಾಲಿಗಳ ಎಳೆತವನ್ನೇ ಬಿಡಿಸಿಟ್ಟೆವು. ಒಂದೇ ಜೀಪಿನ ಗಾಲಿಗಳ ನಡುವೆ ಮಾತುಕತೆ ನಿಂತುಹೋಯಿತು. ಮರುದಿನವೇ ಆ ರಿಕ್ಷಾವನ್ನು ದಾಟಿದೆ. ಅದರಲ್ಲಿ ಕೋಳಿ ಇರಲಿಲ್ಲ.

ನಾನು ಮರೆತಿದ್ದು ಕಡಲದಂಡೆಯನ್ನು. ಮಳೆಗಾಲಕ್ಕೆ ಮುಂಚೆ ನಮ್ಮೂರಿನವರು ದೋಣಿಗಳನ್ನು ಅಲೆ ಮುಟ್ಟದಷ್ಟು ಮೇಲಕ್ಕೆ ಎಳೆದಿಡುತ್ತಾರೆ. ಹಗ್ಗದ ಒಂದು ತುದಿ ನನ್ನ ಜೀಪಿಗೆ. ಮೊದಲ ಗೇರು ಹಾಕಿ ಕಾಲು ತೆಗೆದರೂ ಸಾಕು, ಅದು ಬಸುರಿ ನಡೆದ ಹಾಗೆ ಮರಳಿನ ಮೇಲೆ ತನ್ನಷ್ಟಕ್ಕೆ ಸಾಗುತ್ತಿತ್ತು. ಹಗ್ಗ ಹಿಡಿದವರಿಗೆಲ್ಲ ಮೀನಿನ ಪಾಲು ಇರುವಂತೆ ಜೀಪಿಗೂ ಒಂದು ಪಾಲು. ಮಳೆ ಮುಗಿದು ದೋಣಿ ಇಳಿದ ಮೇಲೆ ಅದು ತಪ್ಪದೆ ಮನೆಗೆ ಬರುತ್ತಿತ್ತು.

ಈ ಸಲ ಕಡಲು ಬೇಗ ಏರಿತು. ನೀರು ಆಗಲೇ ನಾಗಣ್ಣನ ದೋಣಿಯ ಹಿಂಬದಿ ನೆಕ್ಕುತ್ತಿತ್ತು. ಅವನಿಗಿರುವುದು ಅದೊಂದೇ ದೋಣಿ. "ಹೆದರಬೇಡ, ಈಗ ಇಂಜಿನ್ ಮೊದಲಿಗಿಂತ ಜೋರು" ಎಂದು ಹಗ್ಗ ಕಟ್ಟಿಸಿದೆ. "ಜೋರ್ ಬ್ಯಾಡ್ರಾ ಮಾಸ್ತರ್ರೆ, ನಿಧಾನ್ ಬೇಕು" ಎಂದ ನಾಗಣ್ಣ. ಕ್ಲಚ್ ಬಿಟ್ಟೆ. ಇಂಜಿನ್ ಆಫಾಯಿತು. ಆಕ್ಸಿಲರೇಟರ್ ಒತ್ತಿ ಮತ್ತೆ ಬಿಟ್ಟೆ. ಜೀಪು ಹಾರಿತು, ಸಡಿಲವಾಗಿದ್ದ ಹಗ್ಗ ಫಟ್ಟೆಂದು ಬಿಗಿಯಿತು, ದೋಣಿಯ ಮೂತಿಯ ಹಲಗೆ ಸೀಳಿತು. ನನ್ನ ಹಿಂದಿನ ಗಾಲಿಗಳೆರಡೂ ಮರಳು ತೋಡಿಕೊಂಡು ಒಳಗೆ ಕುಳಿತವು.

"ಮಾಸ್ತರ್ರೆ, ಮೊದ್ಲು ಯಾವ್ದು ಎಳೂದು, ದೋಣಿನಾ, ಜೀಪಾ?" ಎಂದು ಕೂಗಿದಳು ಬುಟ್ಟಿ ಹೊತ್ತು ನಿಂತಿದ್ದ ಬೀರಮ್ಮ. ಎಲ್ಲರೂ ನಕ್ಕರು. ನಾಗಣ್ಣ ನಗಲಿಲ್ಲ, ಬಯ್ಯಲೂ ಇಲ್ಲ. ಕೈಯಿಂದಲೇ ಎಳೆದೆವು, ನಾನೂ ಹಗ್ಗ ಹಿಡಿದೆ. ದೋಣಿ ಉಳಿಯಿತು. ಆಮೇಲೆ ಅದೇ ಹಗ್ಗದಿಂದ ಜೀಪನ್ನೂ ಎಳೆದರು. "ಹೋಗ್ಲಿ ಬಿಡಿ, ಹಲ್ಗೆ ಹಳೇದೇ ಆಗಿತ್ತು" ಎಂದ ನಾಗಣ್ಣ. ಹಲಗೆ ನಿಜವಾಗಿ ಹಳೆಯದಾಗಿತ್ತೋ, ನನ್ನ ಮುಖ ನೋಡಿ ಅವನು ಅದನ್ನು ಹಳೆಯದು ಮಾಡಿದನೋ, ಇಂದಿಗೂ ತಿಳಿಯದು. ಹೊಸ ಹಲಗೆ ನಾನೇ ಹಾಕಿಸಿಕೊಟ್ಟೆ. ಅವನು ಬೇಡವೆನ್ನಲಿಲ್ಲ, ಅಷ್ಟೇ.

ಹಳೆಯ ಹಲ್ಲುಗಳಿಗಾಗಿ ಪಾಂಡುರಂಗನ ಬಳಿ ಓಡಿದೆ. "ರಾಮನಗುಳಿಯವ್ರು ಒಯ್ದ್ರು ಸರ್. ಅವ್ರ ಜೀಪು ಈಗ ಘಟ್ಟ ಏನ್ ಹತ್ತದೆ ಅಂತೀರಿ!" ಎಂದ, ನನಗೆ ಖುಷಿಯಾಗಲಿ ಎಂಬಂತೆ.

ಮಳೆ ಮುಗಿಯಿತು. ಮುಂದಿನ ಸಲ ದೋಣಿ ಎಳೆಯಲು ಯಾರದೋ ಟ್ರ್ಯಾಕ್ಟರ್ ಗೊತ್ತುಮಾಡಿದ್ದಾರಂತೆ. ನಾಗಣ್ಣನ ದೋಣಿ ಮತ್ತೆ ಕಡಲಿಗಿಳಿದ ದಿನ ಹೆಂಡತಿ ಶಾಲಿನಿ ಪಾತ್ರೆ ಹಿಡಿದು ಗೇಟಿನಲ್ಲಿ ನಿಂತಿದ್ದಳು. "ಹೋಯ್, ಜೀಪಿನ ಪಾಲು ಬರ್ಲಿಲ್ವಾ?" ಎಂದಳು. ಗೊತ್ತಿದ್ದೂ ಕೇಳಿದಳೆಂದು ನನ್ನ ಗುಮಾನಿ. ಈಗ ಮೀನು ಬೇಕೆಂದರೆ ಕಾರವಾರದ ಪೇಟೆಗೇ ಹೋಗಬೇಕು. ಹೋಗುತ್ತೇನೆ. ಬಹಳ ಬೇಗ ಮುಟ್ಟುತ್ತೇನೆ.